ನರ ತೆಗೆದ ಮೇಲೂ ನೋವೇಕೆ? ಹಲ್ಲಿನ ಬೇರುನಾಳ ಚಿಕಿತ್ಸೆಯನ್ನು ಕುರಿತ ಒಂದು ಚಾರಿತ್ರಿಕ ವಿವೇಚನೆ

ಹಲ್ಲುನೋವನ್ನು ಕುರಿತು ಇತಿಹಾಸದ ಅಧ್ಯಾಪಕನೊಬ್ಬನು ಬರೆಯಹೊರಡುವುದು ಅನಧಿಕಾರ ಚರ್ಚೆಯೆಂದು ಕೆಲವು ವಾಚಕರಿಗೆ ತೋರಬಹುದು. ಆದರೆ ರೋಗಗಳಿಗೂ ಚಿಕಿತ್ಸೆಗಳಿಗೂ ಚರಿತ್ರೆಯುಂಟು. ರೋಗಿಯು ತನ್ನ ನೋವಿಗೆ ಕೊಡುವ ಹೆಸರಿಗಂತೂ ಇನ್ನೂ ದೀರ್ಘವಾದ ಚರಿತ್ರೆಯುಂಟು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಈ ನಾಲ್ಕು ಊರುಗಳಲ್ಲಿ ರೂಟ್ ಕೆನಾಲ್ ಮಾಡಿಸಿಕೊಂಡವರನ್ನು ವಿಚಾರಿಸಿದರೆ ಸಾಮಾನ್ಯವಾಗಿ ದೊರೆಯುವ ಉತ್ತರ "ನರ ತೆಗೆಸಿದೆ" ಎಂಬುದು. ಆ ರಾತ್ರಿ ಹಲ್ಲು ಸಿಡಿಯತೊಡಗಿದಾಗ ಮನೆಯವರು ಕೇಳುವ ಪ್ರಶ್ನೆಯೂ ಅಷ್ಟೇ ಸಹಜವಾದದ್ದು: "ನರವನ್ನೇ ತೆಗೆದ ಮೇಲೆ ನೋವು ಎಲ್ಲಿಂದ ಬಂತು?" ಪ್ರಶ್ನೆಯಲ್ಲಿ ತರ್ಕದೋಷವಿಲ್ಲ. ಅದಕ್ಕೆ ತಕ್ಕ ಉತ್ತರ ದೊರೆಯದಿದ್ದಾಗ ಜನರು ತಾವೇ ಒಂದು ಉತ್ತರವನ್ನು ಊಹಿಸಿಕೊಳ್ಳುತ್ತಾರೆ. ವೈದ್ಯನು ಕೆಲಸ ಕೆಡಿಸಿದನೆಂಬುದು ಒಂದು ಊಹೆ. ಹಲ್ಲೇ ಕೆಟ್ಟದ್ದೆಂಬುದು ಇನ್ನೊಂದು. ಎರಡರ ಪರಿಣಾಮವೂ ಒಂದೇ. ಇನ್ನೂ ಇಪ್ಪತ್ತು ಮೂವತ್ತು ವರ್ಷ ಬಾಳಬಹುದಾಗಿದ್ದ ಹಲ್ಲನ್ನು ಕೀಳಿಸಿಬಿಡುತ್ತಾರೆ.

ಕಳೆದ ವರ್ಷ ಈ ಪ್ರಸಂಗ ನನಗೇ ಒದಗಿತು. ಎಡಗಡೆಯ ಕೆಳದವಡೆಹಲ್ಲಿಗೆ ಒಂದು ಶನಿವಾರ ಸಂಜೆ ಚಿಕಿತ್ಸೆಯಾಯಿತು. ಮರಗಟ್ಟಿದ್ದ ತುಟಿ ಎಚ್ಚೆತ್ತ ಮೇಲೆ ಸಣ್ಣಗೆ ಆರಂಭವಾದ ನೋವು ಭಾನುವಾರ ರಾತ್ರಿಯ ಹೊತ್ತಿಗೆ ಮಲಗಗೊಡದಷ್ಟು ಬಲಿಯಿತು. ಮನೆಯಲ್ಲಿದ್ದ ಸೋದರತ್ತೆಯವರು ಮೊದಲು ಲವಂಗವನ್ನೂ, ಅದು ಫಲಿಸದಿರಲು ಬಿಸಿಮಾಡಿದ ಉಪ್ಪಿನ ಗಂಟನ್ನೂ ತಂದುಕೊಟ್ಟರು, ಅದೂ ಫಲಿಸದಿರಲು, "ಬೆಳಿಗ್ಗೆಯೇ ಹೋಗಿ ಕೀಳಿಸಿಕೊಂಡು ಬಂದುಬಿಡಪ್ಪ, ಸತ್ತ ಹಲ್ಲನ್ನು ಇಟ್ಟುಕೊಂಡು ಏನು ಮಾಡುತ್ತೀಯೆ?" ಎಂದರು. ಔಷಧದ ಅಂಗಡಿಯೊಂದರಲ್ಲಿ ಯಾವ ಚೀಟಿಯನ್ನೂ ಕೇಳದೆ ಐದು ದಿನಕ್ಕಾಗುವಷ್ಟು ಆಂಟಿಬಯೋಟಿಕ್ ಮಾತ್ರೆಗಳನ್ನು ಕಟ್ಟಿಕೊಟ್ಟರು. ಆ ರಾತ್ರಿ ನನಗೆ ಬೇಕಾಗಿದ್ದುದು ಇವಾವುವೂ ಅಲ್ಲವೆಂಬುದನ್ನು ಆಮೇಲೆ ತಿಳಿದುಕೊಂಡೆನು.

ಮೊದಲು ನೋವಿನ ನೆಲೆಯನ್ನು ಗೊತ್ತುಪಡಿಸಿಕೊಳ್ಳಬೇಕು. ಹಲ್ಲಿನ ಹೊರಗವಚ ಎನಾಮಲ್, ಅದರೊಳಗೆ ಡೆಂಟಿನ್, ನಡುವಣ ಪೊಳ್ಳಿನಲ್ಲಿ ದಂತಮಜ್ಜೆ. ಜನರು "ನರ"ವೆನ್ನುವುದು ಈ ಮಜ್ಜೆಯನ್ನೇ. ವಾಸ್ತವದಲ್ಲಿ ಅದು ಕೇವಲ ನರವಲ್ಲ. ರಕ್ತನಾಳಗಳೂ ಜೀವಕೋಶಗಳೂ ನರತಂತುಗಳೂ ಕೂಡಿದ ಮೃದುವಾದ ಊತಕ. ಹುಳುಕು ಒಳಹೊಕ್ಕು ಮಜ್ಜೆ ಉರಿಗೊಂಡಾಗ ಅದು ಬಾತುಕೊಳ್ಳಲು ನೋಡುತ್ತದೆ. ಸುತ್ತಲಿನ ಗೋಡೆ ಸ್ವಲ್ಪವೂ ಬಳುಕುವುದಿಲ್ಲ. ಚಿಕಿತ್ಸೆಗೆ ಮುಂಚಿನ ಆ ಕಡುನೋವಿಗೆ ಈ ಒತ್ತಡವು ಒಂದು ಮುಖ್ಯ ಕಾರಣ. ಬೇರುನಾಳ ಚಿಕಿತ್ಸೆಯಲ್ಲಿ ವೈದ್ಯನು ಈ ಮಜ್ಜೆಯನ್ನು ಕೂದಲೆಳೆಯಂಥ ಅರಗಳಿಂದ ತೆಗೆದು, ನಾಳವನ್ನು ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಿಂದ ತೊಳೆದು, ಗಟಾಪರ್ಚಾ ಎಂಬ ಪದಾರ್ಥದಿಂದ ತುಂಬುತ್ತಾನೆ.

ಆದರೆ ಹಲ್ಲು ದವಡೆಯೆಲುಬಿಗೆ ಗೋಡೆಗೆ ಹೊಡೆದ ಮೊಳೆಯಂತೆ ನೇರವಾಗಿ ಅಂಟಿಕೊಂಡಿಲ್ಲವೆಂಬುದನ್ನು ಬಹುಮಂದಿ ಅರಿಯರು. ಬೇರಿಗೂ ಎಲುಬಿಗೂ ನಡುವೆ ಕಾಲು ಮಿಲಿಮೀಟರಿನಷ್ಟು ತೆಳುವಾದ ತಂತುಗಳ ಪೊರೆಯೊಂದಿದೆ. ಹಗ್ಗದ ಮಂಚವು ಮಲಗಿದವನನ್ನು ಹೊತ್ತಿರುವಂತೆ ಅದು ಹಲ್ಲನ್ನು ಹೊತ್ತಿದೆ. ಈ ಪೊರೆಗೆ ತನ್ನದೇ ಆದ ರಕ್ತಸಂಚಾರವೂ ತನ್ನದೇ ಆದ ನರಗಳೂ ಉಂಟು. ಮಜ್ಜೆಯನ್ನು ತೆಗೆದಾಗ ಇವನ್ನು ಯಾರೂ ತೆಗೆಯುವುದಿಲ್ಲ, ತೆಗೆಯಲೂ ಬಾರದು. ಚಿಕಿತ್ಸೆಯ ಮುಂಚೆಯೇ ಬೇರಿನ ತುದಿಯ ಸುತ್ತ ಉರಿಯೂತವಿದ್ದಿರಬಹುದು. ಅರದ ಮೊನೆ ತುದಿಯನ್ನು ತಾಗಿರಬಹುದು. ಸೋಂಕುಗೊಂಡ ಮಜ್ಜೆಯ ಪುಡಿ ತುದಿಯ ರಂಧ್ರದಿಂದ ಸ್ವಲ್ಪ ಆಚೆಗೆ ತಳ್ಳಲ್ಪಟ್ಟಿರಬಹುದು. ಕಾಲಿಗೆ ನೆಟ್ಟ ಜಾಲಿಮುಳ್ಳನ್ನು ಕಿತ್ತ ಕೂಡಲೆ ಕಾಲಿನ ನೋವು ನಿಲ್ಲುವುದುಂಟೆ? ಮುಳ್ಳು ಹೋದರೂ ಮುಳ್ಳು ನೆಟ್ಟಿದ್ದ ಮಾಂಸ ಉಳಿದಿರುತ್ತದೆ. ನಮ್ಮ ಪ್ರಶ್ನೆಗೆ ಉತ್ತರ ಇಷ್ಟೇ: ನೋವು ಈಗ ಹಲ್ಲಿನೊಳಗಿನದಲ್ಲ, ಹಲ್ಲಿನ ಸುತ್ತಲಿನದು.

ಈ ಭೇದವನ್ನು ರೋಗಿಯೇ ಗುರುತಿಸಬಹುದು. ಮಜ್ಜೆಯ ನೋವಿಗೆ ನೆಲೆ ತಿಳಿಯುವುದಿಲ್ಲ. ಕೆಳಗಿನ ಹಲ್ಲು ನೊಂದರೆ ಮೇಲಿನದೆಂದೂ, ಕಿವಿಯೆಂದೂ, ಕಪಾಲವೆಂದೂ ತೋರುತ್ತದೆ. ತಂತುಪೊರೆಯ ನರಗಳಾದರೋ ಒತ್ತಡವು ಯಾವ ಹಲ್ಲಿನ ಮೇಲೆ ಬಿದ್ದಿತೆಂಬುದನ್ನು ಬಹು ನಿಖರವಾಗಿ ತಿಳಿಸುತ್ತವೆ. ಗೌರಿಬಿದನೂರಿನ ಸಮೀಪದಲ್ಲಿ 1965ರಲ್ಲಿ ಪರಮಾಣು ಶಕ್ತಿ ಇಲಾಖೆಯವರು ಸ್ಥಾಪಿಸಿದ ಭೂಕಂಪಮಾಪಕಗಳ ವ್ಯೂಹವನ್ನು ವಾಚಕರು ಬಲ್ಲರು. ಒಂಟಿಯಾದ ಒಂದು ಉಪಕರಣಕ್ಕಿಂತ, ವಿಸ್ತಾರವಾಗಿ ಹರಡಿದ ಹಲವು ಉಪಕರಣಗಳು ದೂರದ ಕಂಪನದ ಮೂಲವನ್ನು ಚೆನ್ನಾಗಿ ಹೇಳಬಲ್ಲವೆಂಬುದೇ ಅಲ್ಲಿನ ತತ್ತ್ವ. ಹೋಲಿಕೆಯನ್ನು ಬಹಳ ದೂರ ಎಳೆಯಲಾಗದು. ಆದರೂ ಚಿಕಿತ್ಸೆಯ ಬಳಿಕ ರೋಗಿಯು "ಇದೇ ಹಲ್ಲು, ಕಚ್ಚಿದರೆ ನೋವು" ಎಂದು ಬೆರಳಿಟ್ಟು ತೋರಿಸಬಲ್ಲನಾದರೆ, ಮಾತನಾಡುತ್ತಿರುವುದು ಮಜ್ಜೆಯಲ್ಲ, ಪೊರೆ ಎಂದು ಬಹುಮಟ್ಟಿಗೆ ಊಹಿಸಬಹುದು. ಅದಕ್ಕೆ ಬದಲಾಗಿ, ಬಿಸಿ ಅಥವಾ ತಣ್ಣನೆಯ ನೀರು ತಗುಲಿದರೆ ಹಳೆಯ ರೀತಿಯಲ್ಲಿಯೇ ಸಿಡಿಯುವಂತಿದ್ದರೆ, ಒಂದು ನಾಳ ಕಣ್ಣಿಗೆ ಬೀಳದೆ ಉಳಿದಿರಬೇಕು (ಮೇಲ್ದವಡೆಯ ಮೊದಲ ದೊಡ್ಡ ಹಲ್ಲಿನಲ್ಲಿ ನಾಲ್ಕನೆಯ ನಾಳವೊಂದು ಹೀಗೆ ತಪ್ಪಿಸಿಕೊಳ್ಳುವುದುಂಟು), ಇಲ್ಲವೆ ನೋವು ಪಕ್ಕದ ಹಲ್ಲಿನದಾಗಿರಬೇಕು.

ಎಷ್ಟು ಮಂದಿಗೆ ಹೀಗಾಗುತ್ತದೆ? ಹಿಂದಿನ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ 2011ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ, ಚಿಕಿತ್ಸೆಗೆ ಮುಂಚೆ ನೋವಿದ್ದವರು ನೂರಕ್ಕೆ 81. ಚಿಕಿತ್ಸೆಯಾದ 24 ಗಂಟೆಗಳ ಬಳಿಕ 40. ಒಂದು ವಾರದ ಬಳಿಕ 11. ಎಂದರೆ ಮೊದಲ ಒಂದೆರಡು ದಿನಗಳ ನೋವು ಅಪೂರ್ವವಲ್ಲ, ವೈದ್ಯನ ತಪ್ಪಿಗೆ ಪ್ರಮಾಣವೂ ಅಲ್ಲ. ಇಳಿಯುತ್ತ ಹೋಗುವ ನೋವಿಗೆ ಹೆದರಬೇಕಾಗಿಲ್ಲ. ಮೂರನೆಯ ದಿನವಾದ ಮೇಲೆ ಏರುತ್ತ ಹೋಗುವ ನೋವನ್ನೂ, ವಾರ ಕಳೆದರೂ ನಿಂತಲ್ಲೇ ನಿಂತಿರುವ ನೋವನ್ನೂ ವೈದ್ಯನಿಗೆ ತೋರಿಸತಕ್ಕದ್ದು.

ಇಷ್ಟು ಸರಳವಾದ ವಿಷಯವು ಜನರ ತಿಳಿವಳಿಕೆಗೆ ಬಾರದಿರಲು ಕಾರಣವೇನು? ಇಲ್ಲಿ ಇತಿಹಾಸದ ವಿದ್ಯಾರ್ಥಿಗೆ ಸ್ವಲ್ಪ ಕೆಲಸವಿದೆ. ಹಲ್ಲುನೋವಿನ ಕಾರಣಕ್ಕೆ ಮಾನವನು ಇಟ್ಟ ಮೊದಲ ಹೆಸರು ಹುಳು. ಬ್ಯಾಬಿಲೋನಿಯದ ಮಣ್ಣಿನ ಫಲಕಗಳಲ್ಲಿ ಹಲ್ಲಿನ ಹುಳುವನ್ನು ಕುರಿತ ಮಂತ್ರವಿದೆ. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ದಂತರೋಗಗಳ ಪೈಕಿ "ಕೃಮಿದಂತಕ"ವು ಎಣಿಕೆಯಾಗಿದೆ. ನಮ್ಮ ಭಾಷೆಯಲ್ಲಿಯೇ "ಹುಳುಕುಹಲ್ಲು" ಎಂಬ ಮಾತಿನೊಳಗೆ ಆ ಹುಳು ಇಂದಿಗೂ ಅಡಗಿ ಕುಳಿತಿದೆ. ಹಲ್ಲಿನ ಹುಳುವನ್ನು ಉದುರಿಸಲು ನೆಲಗುಳ್ಳದ ಬೀಜದ ಹೊಗೆಯನ್ನು ಬಾಯಿಗೆ ಹಿಡಿಸುವ ಪದ್ಧತಿಯು ನಮ್ಮ ದೇಶದ ಹಲವೆಡೆಗಳಲ್ಲಿ ಇತ್ತು. ಇದನ್ನು ಕೇವಲ ಮೌಢ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ವಾಗ್ಭಟನ ಅಷ್ಟಾಂಗಹೃದಯದಲ್ಲಿ ಇದೇ ಕೃಮಿದಂತಕ್ಕೆ ಹೇಳಿರುವ ಉಪಾಯವನ್ನು ನೋಡಿರಿ: ಅಲುಗಾಡದ ಹಲ್ಲಾದರೆ ಅದರ ಪೊಳ್ಳನ್ನು ಬೆಲ್ಲದಿಂದಲೋ ಜೇನುಮೇಣದಿಂದಲೋ ತುಂಬಿ ಕಾದ ಸಲಾಕಿಯಿಂದ ಸುಡಬೇಕು. ಒಳಗಿನದನ್ನು ನಾಶಗೊಳಿಸಿ, ಪೊಳ್ಳನ್ನು ಮುಚ್ಚಿ, ಹಲ್ಲನ್ನು ಉಳಿಸಿಕೊಳ್ಳುವ ಯೋಚನೆ ಇದು. ಕಾರಣವನ್ನು ಕುರಿತ ಕಲ್ಪನೆ ತಪ್ಪಾಗಿದ್ದರೂ ಕೈಯ ಅನುಭವ ಸರಿಯಾದ ದಾರಿಯಲ್ಲಿಯೇ ನಡೆದಿತ್ತು. ಯೂರೋಪಿನಲ್ಲಿ ಹುಳುವಿನ ವಾದವನ್ನು ಬಲವಾಗಿ ಖಂಡಿಸಿದವನು ಫ್ರಾನ್ಸಿನ ಪಿಯೆರ್ ಫೋಶಾರ್. ಅವನ ದಂತವೈದ್ಯಗ್ರಂಥವು ಪ್ರಕಟವಾದದ್ದು 1728ರಲ್ಲಿ.

"ನರ ಸಾಯಿಸುವುದು" ಎಂಬ ಎರಡನೆಯ ಹೆಸರು ಹುಟ್ಟಿದ್ದು 19ನೆಯ ಶತಮಾನದ ಪಾಷಾಣದಿಂದ. ನ್ಯೂಯಾರ್ಕಿನ ದಂತವೈದ್ಯನಾದ ಸ್ಪೂನರನು 1836ರಲ್ಲಿ ಮಜ್ಜೆಯ ಮೇಲೆ ಪಾಷಾಣವನ್ನಿಟ್ಟು ಅದನ್ನು ನಿರ್ಜೀವಗೊಳಿಸುವ ಕ್ರಮವನ್ನು ಪ್ರಚುರಪಡಿಸಿದನು. ಅರಿವಳಿಕೆಯ ಸೂಜಿಮದ್ದಿಲ್ಲದ ಆ ಕಾಲದಲ್ಲಿ ಜೀವಂತ ಮಜ್ಜೆಗೆ ಉಪಕರಣ ತಾಗಿಸುವುದು ಅಸಾಧ್ಯವಾಗಿತ್ತು. ಆದ್ದರಿಂದ ಮೊದಲು ಅದನ್ನು ಅಕ್ಷರಶಃ ಸಾಯಿಸಬೇಕಾಗಿತ್ತು. ಪಾಷಾಣವು ಹಲ್ಲಿನಿಂದ ಹೊರಕ್ಕೆ ಜಿನುಗಿದರೆ ವಸಡನ್ನೂ ಎಲುಬನ್ನೂ ಕೊಳೆಸುತ್ತಿತ್ತು. 1884ರಲ್ಲಿ ಕೊಕೇನಿನಿಂದ ದವಡೆಯ ನರವನ್ನು ಮರಗಟ್ಟಿಸುವ ಕ್ರಮವೂ, 1905ರಲ್ಲಿ ಅದಕ್ಕಿಂತ ನಿರಪಾಯಕರವಾದ ಪ್ರೊಕೇನೂ ಬಂದ ಮೇಲೆ ಪಾಷಾಣದ ಅವಶ್ಯಕತೆ ಕ್ರಮೇಣ ಇಲ್ಲವಾಯಿತು. ವಿಷ ಹೋಯಿತು, ಮಾತು ಉಳಿಯಿತು. ಆ ಮಾತು ರೋಗಿಯ ಮನಸ್ಸಿನಲ್ಲಿ "ಸತ್ತ ಹಲ್ಲು" ಎಂಬ ಭಾವವನ್ನು ಬಿತ್ತುತ್ತದೆ. ಸತ್ತದ್ದು ನೋಯಬಾರದು, ನೊಂದರೆ ಏನೋ ಮೋಸವಾಗಿದೆ. ನನ್ನ ಸೋದರತ್ತೆಯವರ ತರ್ಕ ಇದೇ ಆಗಿತ್ತು. (ಗಟಾಪರ್ಚಾದ ಚರಿತ್ರೆಯೂ ಸ್ವಾರಸ್ಯವಾದುದು. ಮಲಯ ದೇಶದ ಮರವೊಂದರ ಈ ಅಂಟು, ಹಲ್ಲಿನ ನಾಳಗಳನ್ನು ತುಂಬಲು 1867ರಲ್ಲಿ ಬಳಕೆಗೆ ಬಂದ ಕಾಲದಲ್ಲಿಯೇ ಸಮುದ್ರದಡಿಯ ತಂತಿಗಳಿಗೂ ಹೊದಿಕೆಯಾಗಿತ್ತು. 1870ರಲ್ಲಿ ಮುಂಬಯಿಯನ್ನು ಇಂಗ್ಲೆಂಡಿಗೆ ಜೋಡಿಸಿದ ತಂತಿಯನ್ನು ಕಾಪಾಡಿದುದೂ ಇದೇ ಅಂಟು.)

ಮೂರನೆಯ ಪ್ರಸಂಗ ಹೆಚ್ಚು ದುಃಖಕರವಾದುದು, ಏಕೆಂದರೆ ಇಲ್ಲಿ ತಪ್ಪಿದವರು ಪಂಡಿತರು. 1910ರಲ್ಲಿ ವಿಲಿಯಂ ಹಂಟರ್ ಎಂಬ ಲಂಡನ್ನಿನ ವೈದ್ಯನು ಕೆನಡದ ಮಾಂಟ್ರಿಯಲ್ ನಗರದಲ್ಲಿ ಉಪನ್ಯಾಸ ಮಾಡಿ, ಸೋಂಕಿನ ಹಲ್ಲುಗಳ ಮೇಲೆ ಚಿನ್ನದ ಕೆಲಸ ಮಾಡಿ ಮುಚ್ಚುವುದರಿಂದ ದೇಹದಲ್ಲೆಲ್ಲ ರೋಗ ಹರಡುತ್ತದೆಂದು ದೂಷಿಸಿದನು. ಆ ಕಾಲದ ಕೊಳಕು ಕೆಲಸವನ್ನು ಕುರಿತಂತೆ ಅವನ ಟೀಕೆ ಅನ್ಯಾಯವಾಗಿರಲಿಲ್ಲ. ಆದರೆ ಅದರಿಂದ ಬೆಳೆದ "ಕೇಂದ್ರಸೋಂಕು" ವಾದವು ಸಂಧಿವಾತದಿಂದ ಹಿಡಿದು ಮನೋರೋಗದವರೆಗೆ ಎಲ್ಲಕ್ಕೂ ಹಲ್ಲನ್ನೇ ಹೊಣೆಮಾಡಿತು. ಮುಂದಿನ ಎರಡು ಮೂರು ದಶಕಗಳಲ್ಲಿ ಅಮೆರಿಕ ಬ್ರಿಟನ್ನುಗಳಲ್ಲಿ ಅಸಂಖ್ಯಾತ ಹಲ್ಲುಗಳು ನಿಷ್ಕಾರಣವಾಗಿ ಕೀಳಲ್ಪಟ್ಟವು. 1938ರಲ್ಲಿ 200 ಮಂದಿ ಸಂಧಿವಾತ ರೋಗಿಗಳನ್ನು ಪರಿಶೀಲಿಸಿದ ಇಬ್ಬರು ವೈದ್ಯರು, ಹಲ್ಲು ಕೀಳಿಸಿದ್ದರಿಂದ ರೋಗ ಗುಣವಾಗಲಿಲ್ಲವೆಂದು ತೋರಿಸಿದರು. ಕೊನೆಗೆ 1965ರಲ್ಲಿ ಅಮೆರಿಕದ ಮೂವರು ಸಂಶೋಧಕರು ಇಲಿಗಳ ಮೇಲೆ ನಡೆಸಿದ ಪ್ರಯೋಗವು ವಾದವನ್ನು ಅದರ ಸರಿಯಾದ ನೆಲೆಗೆ ತಂದಿತು. ಸೂಕ್ಷ್ಮಜೀವಿಗಳೇ ಇಲ್ಲದ ಪರಿಸರದಲ್ಲಿ ಬೆಳೆದ ಇಲಿಗಳ ಮಜ್ಜೆಯನ್ನು ತೆರೆದಿಟ್ಟರೂ ಅದು ಮಾಯಿತು. ಸಾಮಾನ್ಯ ಇಲಿಗಳಲ್ಲಿ ಕೊಳೆತು ಕೀವಾಯಿತು. ಅಪರಾಧಿ ಹಲ್ಲಲ್ಲ, ಅದರೊಳಗಿನ ಸೂಕ್ಷ್ಮಜೀವಿ. ಆದ್ದರಿಂದ ಕೀಳುವುದಕ್ಕಿಂತ ಶುದ್ಧಿಗೊಳಿಸಿ ಭದ್ರವಾಗಿ ಮುಚ್ಚುವುದೇ ಯುಕ್ತ. ನಮ್ಮಲ್ಲಿ ದಂತವೈದ್ಯ ಶಿಕ್ಷಣ ಕಲ್ಕತ್ತದಲ್ಲಿ 1920ರಲ್ಲಿಯೂ, ಬೆಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ 1958ರಲ್ಲಿಯೂ ಆರಂಭವಾಯಿತೆಂಬುದನ್ನು ನೆನೆದರೆ, ಹಲ್ಲನ್ನು ಉಳಿಸಿಕೊಳ್ಳುವ ವಿದ್ಯೆ ಈ ಸೀಮೆಗೆ ಎಷ್ಟು ಈಚಿನದೆಂಬುದು ತಿಳಿಯುತ್ತದೆ.

ಇನ್ನು ಆ ರಾತ್ರಿಯ ಮಾತಿಗೆ ಬರೋಣ. ನೋವಿನ ನೆಲೆ ತಿಳಿದ ಮೇಲೆ ಮನೆಮದ್ದುಗಳ ಗುಣದೋಷ ತಾನಾಗಿಯೇ ಗೋಚರಿಸುತ್ತದೆ. ಲವಂಗದೆಣ್ಣೆಯಲ್ಲಿರುವ ಯೂಜಿನಾಲ್ ಎಂಬ ದ್ರವ್ಯವು ತೆರೆದ ಹುಳುಕಿನೊಳಗೆ ಇಳಿದು ಮಜ್ಜೆಯನ್ನು ಮಂಕುಗೊಳಿಸುತ್ತದೆ. ನಮ್ಮ ಅಜ್ಜಿಯರ ಅನುಭವ ಸುಳ್ಳಲ್ಲ. ಆದರೆ ಚಿಕಿತ್ಸೆಯಾದ ಹಲ್ಲಿನ ಬಾಯಿ ಮುಚ್ಚಿದೆ, ಒಳಗೆ ಮಜ್ಜೆಯೂ ಇಲ್ಲ. ಮೇಲೆ ಸುರಿದ ಎಣ್ಣೆ ಬೇರಿನ ತುದಿಯನ್ನು ಮುಟ್ಟಲಾರದು, ವಸಡನ್ನು ಮಾತ್ರ ಸುಡುತ್ತದೆ. ಕೆನ್ನೆಯೊಳಗೆ ಆಸ್ಪಿರಿನ್ ಮಾತ್ರೆಯನ್ನಿಟ್ಟುಕೊಳ್ಳುವುದೂ ಹೀಗೆಯೇ ಹುಣ್ಣುಮಾಡುತ್ತದೆ. ಹೊಗೆಸೊಪ್ಪನ್ನೂ ಕಡ್ಡಿಪುಡಿಯನ್ನೂ ಒತ್ತಿಕೊಳ್ಳುವವರ ವಿಷಯ ಹೇಳಲೇ ಬೇಕಾಗಿಲ್ಲ. ನೋವು ಹೋದ ಮೇಲೂ ಚಟ ಉಳಿಯುತ್ತದೆ. ಬಾವು ಕಾಣಿಸಿಕೊಂಡಿರುವ ಕೆನ್ನೆಗೆ ಹೊರಗಿನಿಂದ ಬಿಸಿ ಶಾಖ ಕೊಡಬಾರದು. ಮೊದಲ ದಿನ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು ಹದಿನೈದು ನಿಮಿಷ ಇಟ್ಟು ತೆಗೆಯುವುದು ಲೇಸು. ಉಗುರುಬೆಚ್ಚಗಿನ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದರಲ್ಲಿ ದೋಷವಿಲ್ಲ. ಮಲಗಿದಾಗ ತಲೆಯ ಕಡೆಗೆ ರಕ್ತದೊತ್ತಡ ಹೆಚ್ಚಿ ನೋವು ಮಿಡಿಯುತ್ತದೆ. ಎರಡು ದಿಂಬಿನ ಮೇಲೆ ತಲೆಯಿಟ್ಟರೆ ಸ್ವಲ್ಪ ಶಮನವುಂಟು.

ಔಷಧದಲ್ಲಿ, ಉರಿಯೂತವನ್ನು ಇಳಿಸುವ ಐಬುಪ್ರೊಫೆನ್ ಈ ನೋವಿಗೆ ನೇರವಾದ ಮದ್ದು. ಅದರೊಡನೆ ಪ್ಯಾರಸಿಟಮಾಲ್ ಸೇರಿದರೆ ಎರಡೂ ಒಂಟಿಯಾಗಿ ಮಾಡುವುದಕ್ಕಿಂತ ಹೆಚ್ಚು ಫಲ. ವಯಸ್ಕರು ಊಟವಾದ ಮೇಲೆ 400 ಮಿಲಿಗ್ರಾಂ ಐಬುಪ್ರೊಫೆನ್ನನ್ನು ಆರೇಳು ಗಂಟೆಗೊಮ್ಮೆ ತೆಗೆದುಕೊಳ್ಳಬಹುದು. ವೈದ್ಯನು ಹೇಳದೆ ದಿನಕ್ಕೆ 1200 ಮಿಲಿಗ್ರಾಮನ್ನು ಮೀರಬಾರದು. ಪ್ಯಾರಸಿಟಮಾಲ್ ದಿನಕ್ಕೆ ಒಟ್ಟು 3 ಗ್ರಾಂ ಮೀರದಿರಲಿ. ಬೇರೆ ಬೇರೆ ಹೆಸರಿನ ಎರಡು ಮಾತ್ರೆಗಳಲ್ಲಿ ಒಂದೇ ಮದ್ದಿರುವುದುಂಟು. ಹೊದಿಕೆಯ ಮೇಲಿನ ಸಣ್ಣ ಅಕ್ಷರಗಳನ್ನು ಓದದೆ ನುಂಗಬಾರದು. ಜಠರದ ಹುಣ್ಣು, ಮೂತ್ರಪಿಂಡದ ರೋಗ, ಉಬ್ಬಸ ಉಳ್ಳವರೂ, ರಕ್ತ ತೆಳುವಾಗಲು ಮಾತ್ರೆ ತೆಗೆದುಕೊಳ್ಳುವವರೂ, ಗರ್ಭಿಣಿಯರೂ ವೈದ್ಯನನ್ನು ಕೇಳದೆ ಐಬುಪ್ರೊಫೆನ್ ಮುಟ್ಟಕೂಡದು. ಮಳೆಗಾಲದಲ್ಲಿ ಡೆಂಗೆ ಜ್ವರದ ಶಂಕೆಯಿದ್ದರೂ ಇದೇ ನಿಷೇಧ. ಆಂಟಿಬಯೋಟಿಕ್ಕಾದರೋ ನೋವಿನ ಮದ್ದೇ ಅಲ್ಲ. ಜ್ವರವೂ ಹರಡುವ ಬಾವೂ ಇಲ್ಲದ ಹಲ್ಲುನೋವಿಗೆ ಅದನ್ನು ಕೊಡಬಾರದೆಂದು ಅಮೆರಿಕದ ದಂತವೈದ್ಯ ಸಂಘವು 2019ರಲ್ಲಿ ಸ್ಪಷ್ಟವಾಗಿಯೇ ಸೂಚಿಸಿದೆ. ನನಗೆ ಕಟ್ಟಿಕೊಟ್ಟ ಐದು ದಿನದ ಮಾತ್ರೆಗಳು ವ್ಯರ್ಥವಷ್ಟೇ ಅಲ್ಲ, ಮುಂದೆ ನಿಜವಾಗಿ ಅವಶ್ಯವಾದಾಗ ಕೆಲಸಮಾಡದಂತೆ ಸೂಕ್ಷ್ಮಜೀವಿಗಳನ್ನು ಪಳಗಿಸತಕ್ಕವು.

ಆದರೆ ಕೆಲವು ಚಿಹ್ನೆಗಳು ಕಂಡರೆ ಬೆಳಗಾಗಲೆಂದು ಕಾಯಬಾರದು. ದವಡೆಯ ಕೆಳಗೆ, ಕತ್ತಿನ ಮೇಲ್ಭಾಗದಲ್ಲಿ ಗಟ್ಟಿಯಾದ ಬಾವು, ನಾಲಗೆಯನ್ನು ಮೇಲಕ್ಕೆತ್ತುವ ಬಾಯಿತಳದ ಊತ, ಬಾಯಿ ತೆರೆಯಲು, ಜೊಲ್ಲು ನುಂಗಲು, ಉಸಿರಾಡಲು ಕಷ್ಟ, ಕಣ್ಣು ಮುಚ್ಚಿಸುವಷ್ಟು ಊದಿದ ಕೆನ್ನೆ, ಚಳಿಜ್ವರ. ಕೆಳದವಡೆಯ ಸೋಂಕು ಕತ್ತಿಗಿಳಿದು ಉಸಿರನ್ನು ಕಟ್ಟುವ ಈ ಸ್ಥಿತಿಯನ್ನು ಜರ್ಮನಿಯ ವೈದ್ಯ ಲುಡ್ವಿಗ್ ವರ್ಣಿಸಿದ್ದು, ಪಾಷಾಣದ ಲೇಪ ಪ್ರಚಾರಕ್ಕೆ ಬಂದ 1836ರಲ್ಲಿಯೇ. ಇಂದಿಗೂ ಅದು ಪ್ರಾಣಾಂತಿಕ. ಆಗ ಹಲ್ಲಿನ ಆಸ್ಪತ್ರೆಯನ್ನು ಹುಡುಕದೆ, 108ಕ್ಕೆ ಕರೆಮಾಡಿ ಶಸ್ತ್ರಚಿಕಿತ್ಸೆಯ ಅನುಕೂಲವಿರುವ ದೊಡ್ಡ ಆಸ್ಪತ್ರೆಗೇ ಹೋಗತಕ್ಕದ್ದು.

ಈ ಸೀಮೆಗೆ ವಿಶೇಷವಾದ ಎರಡು ಸಂಗತಿಗಳನ್ನು ಹೇಳಬೇಕಾಗಿದೆ. ಒಂದು, ನೀರು. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ವರ್ಷವೆಲ್ಲ ಹರಿಯುವ ನದಿಯಿಲ್ಲ. ಆಳದ ಕೊಳವೆಬಾವಿಗಳ ನೀರಿನಲ್ಲಿ ಅನೇಕ ಗ್ರಾಮಗಳಲ್ಲಿ ಫ್ಲೋರೈಡಿನ ಅಂಶ ಲೀಟರಿಗೆ 1.5 ಮಿಲಿಗ್ರಾಮಿನ ಮಿತಿಯನ್ನು ದಾಟಿದೆ. ಹಲ್ಲು ರೂಪುಗೊಳ್ಳುವ ಎಳೆತನದಲ್ಲಿ ಅದನ್ನು ಕುಡಿದವರ ಹಲ್ಲಿನ ಮೇಲೆ ಹಳದಿ ಕಂದು ಕಲೆಗಳು ಶಾಶ್ವತವಾಗಿ ಮೂಡುತ್ತವೆ. ಕಲೆಯೇ ಹುಳುಕಲ್ಲ. ಆದರೆ ಚಿಕ್ಕಂದಿನಿಂದ ತನ್ನ ಹಲ್ಲುಗಳನ್ನು ನೋಡಿ ನಾಚಿಕೊಂಡವನು, ಚಿಕಿತ್ಸೆಯ ಬಳಿಕ ಒಂದು ರಾತ್ರಿ ನೋವಾದರೆ "ಹೇಗಿದ್ದರೂ ಕೆಟ್ಟ ಹಲ್ಲು" ಎಂದು ಕೀಳಿಸಲು ಬೇಗ ಒಪ್ಪಿಬಿಡುವುದನ್ನು ನನ್ನ ವಿದ್ಯಾರ್ಥಿಗಳಲ್ಲಿಯೇ ಕಂಡಿದ್ದೇನೆ.

ಎರಡನೆಯದು ರೇಷ್ಮೆ. ಶಿಡ್ಲಘಟ್ಟ ಚಿಂತಾಮಣಿಗಳ ಕಡೆಯ ಹುಳು ಸಾಕುವ ಮನೆಗಳಲ್ಲಿ, ನಾಲ್ಕನೆಯ ಜ್ವರ ಕಳೆದು ಹುಳು ಎದ್ದ ಮೇಲೆ ಹಣ್ಣಾಗಿ ಚಂದ್ರಿಕೆಗೆ ಏರುವವರೆಗೆ ಹಗಲಿರುಳು ಸೊಪ್ಪು ಹಾಕಬೇಕು, ಮನೆಬಿಟ್ಟು ಕದಲುವಂತಿಲ್ಲ. ಬೇರುನಾಳ ಚಿಕಿತ್ಸೆ ಎರಡು ಮೂರು ಸಲದಲ್ಲಿ ಮುಗಿಯುವಂಥದು. ಮೊದಲ ಸಲದ ಕೊನೆಯಲ್ಲಿ ಹಾಕುವುದು ತಾತ್ಕಾಲಿಕ ಮುಚ್ಚಳ. ವಾರಗಳು ಕಳೆದಂತೆ ಅದು ಸವೆದು, ಬಿರುಕುಬಿಟ್ಟು, ಜೊಲ್ಲನ್ನೂ ಸೂಕ್ಷ್ಮಜೀವಿಗಳನ್ನೂ ಒಳಬಿಡುತ್ತದೆ. ಶುದ್ಧವಾಗಿದ್ದ ನಾಳ ಮತ್ತೆ ಕೆಡುತ್ತದೆ. ಎರಡನೆಯ ಸಲಕ್ಕೆ ಗೂಡು ಮಾರಿದ ಮೇಲೆ ಹೋದರಾಯಿತೆಂದು ತಡೆದು, ತಿಂಗಳ ಕೊನೆಗೆ ಮುಖ ಊದಿಸಿಕೊಂಡು ಬೆಂಗಳೂರಿನ ಬಸ್ಸು ಹತ್ತಿದ ನೂಲು ಬಿಚ್ಚಾಣಿಕೆಯ ಸ್ನೇಹಿತರೊಬ್ಬರನ್ನು ಬಲ್ಲೆ. ಅವರ ನೋವು ನನ್ನದರಂಥ ಒಂದೆರಡು ದಿನದ ನೋವಾಗಿರಲಿಲ್ಲ. ಬೆಳೆಯ ಲೆಕ್ಕ ನೋಡಿಕೊಂಡು, ಹುಳುಮನೆಗೆ ಚಾಕಿ ಬರುವ ಮುಂಚೆಯೇ ದಿನ ಗೊತ್ತುಮಾಡಿಕೊಳ್ಳಬೇಕೆಂದು ಈಗ ಅವರು ಎಲ್ಲರಿಗೂ ಹೇಳುತ್ತಾರೆ.

ನನ್ನ ಹಲ್ಲಿನ ವಿಷಯ. ಐದನೆಯ ದಿನವೂ ಕಚ್ಚಿದರೆ ನೋವು ಹಾಗೆಯೇ ಇದ್ದುದರಿಂದ ವೈದ್ಯರ ಬಳಿಗೆ ಹೋದೆನು. ಕೀಳಿರೆಂದು ಕೇಳಲು ಹೋದವನಿಗೆ ಅವರು ತೆಳುವಾದ ನೀಲಿ ಕಾಗದವೊಂದನ್ನು ಹಲ್ಲುಗಳ ನಡುವೆ ಇಟ್ಟು ಕಚ್ಚಿಸಿದರು. ತುಂಬಿದ ಭಾಗದ ಒಂದು ಮೂಲೆ ಕಡುನೀಲಿಯಾಗಿತ್ತು: ಅದು ಉಳಿದ ಹಲ್ಲುಗಳಿಗಿಂತ ಕಾಗದದಷ್ಟು ಎತ್ತರವಾಗಿದ್ದು, ಪ್ರತಿ ತುತ್ತಿಗೂ ನೊಂದ ಪೊರೆಯ ಮೇಲೆ ಮೊದಲ ಪೆಟ್ಟು ಅಲ್ಲಿಯೇ ಬೀಳುತ್ತಿತ್ತು. ಎರಡು ನಿಮಿಷ ಉಜ್ಜಿ ಸಮಮಾಡಿದರು. ಮಾರನೆಯ ಸಂಜೆ ಆ ಕಡೆಯಲ್ಲಿಯೇ ಮುದ್ದೆ ಊಟಮಾಡಿದೆನು. ಮುದ್ದೆಯನ್ನು ಅಗಿಯುವುದುಂಟೆ ಎಂದು ಸೋದರತ್ತೆಯವರು ನಕ್ಕರಾದ್ದರಿಂದ, ಅದರ ಮಾರನೆಯ ದಿನ ಹುರಿದ ಕಡಲೆಕಾಯಿಯನ್ನೂ ಅಗಿದು ತೋರಿಸಬೇಕಾಯಿತು.